ಬೇಡದ ಸಾಮಾನು, ಬೇಕಾದ ಕೈ

1978ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಮೃಗಾಲಯಕ್ಕೆ ಒಂದು ಫ್ರಿಜ್ ಬೇಕಾಗಿತ್ತು. ಪ್ರಾಣಿಗಳ ಔಷಧಿಯನ್ನು ತಂಪಾಗಿ ಇಡಲು ಸಾಕಾಗುವಂಥ ಸಾಧಾರಣ ಫ್ರಿಜ್. ನಗರಾಡಳಿತದ ಸಂಸ್ಕೃತಿ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಕಲಾವಿದೆ ಏಂಜೆಲಾ ಫ್ರೀಮಾಂಟ್ ಅವರ ಕಿವಿಗೆ ಈ ಸುದ್ದಿ ಬಿತ್ತು. ಅವರು ರೇಡಿಯೊದಲ್ಲಿ ಊರಿನವರ ಮುಂದೆ ವಿಷಯ ಇಟ್ಟರು. ಬಳಸದೆ ಇಟ್ಟ ಫ್ರಿಜ್ ಯಾರಲ್ಲಾದರೂ ಇದ್ದರೆ ಕೊಡಬಹುದೇ ಎಂದು ಕೇಳಿದರು. ಹನ್ನೆರಡಕ್ಕೂ ಹೆಚ್ಚು ಮಂದಿ ಕೊಡುತ್ತೇವೆ ಎಂದು ಫೋನ್ ಮಾಡಿದರು.

ಬೇಕಿದ್ದದ್ದು ಒಂದು. ಊರಿನಲ್ಲಿ ಇದ್ದದ್ದು ಹತ್ತಾರು. ಮೃಗಾಲಯದವರಿಗೆ ಆ ಫ್ರಿಜ್‌ಗಳು ಎಲ್ಲಿವೆಯೆಂದು ಗೊತ್ತಿರಲಿಲ್ಲ, ಫ್ರಿಜ್ ಇದ್ದವರಿಗೆ ಮೃಗಾಲಯದ ಕಷ್ಟ ಗೊತ್ತಿರಲಿಲ್ಲ. ಇಬ್ಬರ ನಡುವೆ ಇದ್ದ ಆ ತೆರೆಯನ್ನು ಸರಿಸಲು ಬಾನುಲಿಯ ಒಂದು ಮಾತು ಸಾಕಾಯಿತು.

ಆ ಫೋನ್ ಕರೆಗಳಿಂದ ‘ಮೆಟೀರಿಯಲ್ಸ್ ಫಾರ್ ದಿ ಆರ್ಟ್ಸ್’ ಎಂಬ ಸಂಸ್ಥೆ ಹುಟ್ಟಿತು. ಇಂದು ಕ್ವೀನ್ಸ್ ಭಾಗದ ಲಾಂಗ್ ಐಲ್ಯಾಂಡ್ ಸಿಟಿಯಲ್ಲಿ ಸುಮಾರು 35,000 ಚದರಡಿಯ ಉಗ್ರಾಣ ಅದಕ್ಕಿದೆ. ಬಟ್ಟೆ ಕಂಪನಿಗಳಲ್ಲಿ ಉಳಿದ ಥಾನುಗಳು, ಗುಂಡಿ, ಮಣಿ, ಬಣ್ಣದ ಡಬ್ಬಿ, ಚಿತ್ರದ ಚೌಕಟ್ಟು, ಕಚೇರಿ ಬದಲಾಯಿಸಿದವರ ಮೇಜು ಕುರ್ಚಿ, ನಾಟಕವೋ ಟಿವಿ ಕಾರ್ಯಕ್ರಮವೋ ಮುಗಿದ ಮೇಲೆ ಬೇಡವಾದ ರಂಗಸಜ್ಜಿಕೆ ಎಲ್ಲವೂ ಅಲ್ಲಿಗೆ ಬರುತ್ತವೆ. ನಗರದ ಸರ್ಕಾರಿ ಶಾಲೆಗಳ ಶಿಕ್ಷಕರು, ಲಾಭದ ಉದ್ದೇಶವಿಲ್ಲದ ಕಲಾಸಂಸ್ಥೆಗಳವರು ಸಾಲು ಕಪಾಟುಗಳ ನಡುವೆ ಓಡಾಡಿ, ಬೇಕಾದದ್ದನ್ನು ಗಾಡಿಗೆ ತುಂಬಿಕೊಂಡು ಹೋಗುತ್ತಾರೆ. ಹಣ ಕೊಡಬೇಕಾಗಿಲ್ಲ. ಕೊಟ್ಟವರಿಗೆ ಒಂದು ಧನ್ಯವಾದದ ಪತ್ರ ಮಾತ್ರ ಬರೆಯಬೇಕು.

ಈ ಪತ್ರವನ್ನು ಬರೀ ಶಿಷ್ಟಾಚಾರವೆಂದು ತಳ್ಳಿಹಾಕುವಂತಿಲ್ಲ. ತಾನು ಕೊಟ್ಟ ಐದು ಥಾನು ಬಟ್ಟೆ ಯಾವ ಶಾಲೆಯ ನಾಟಕದ ಪರದೆಯಾಯಿತು ಎಂದು ತಿಳಿದ ವ್ಯಾಪಾರಿ ಮುಂದಿನ ಸಲ ಉಳಿಕೆಯನ್ನು ಕಸದ ಲಾರಿಗೆ ಹಾಕುವ ಮೊದಲು ಒಂದು ಕ್ಷಣ ನಿಲ್ಲುತ್ತಾನೆ. ಕೊಡುವವರ ಕಣ್ಣಿಗೆ ಪಡೆದವರ ಮುಖ ಕಾಣುವಂತೆ ಮಾಡುವ ಅಗ್ಗದ, ಗಟ್ಟಿಯಾದ ಉಪಾಯ ಅದು.

ನಗರದ ನೈರ್ಮಲ್ಯ ಇಲಾಖೆಯೂ ಈ ಉಗ್ರಾಣದ ಬೆನ್ನಿಗೆ ನಿಂತಿದೆ. ಕಲೆಯ ಸಂಸ್ಥೆಗೆ ಕಸದ ಇಲಾಖೆ ಏಕೆ ನೆರವಾಗಬೇಕು? ಉತ್ತರ ಲೆಕ್ಕದಲ್ಲಿದೆ. ನ್ಯೂಯಾರ್ಕಿನ ಕಸವನ್ನು ದಶಕಗಳ ಕಾಲ ಹೊತ್ತದ್ದು ಸ್ಟೇಟನ್ ಐಲ್ಯಾಂಡಿನ ಫ್ರೆಶ್ ಕಿಲ್ಸ್ ಎಂಬ ತಿಪ್ಪೆ. 1948ರಲ್ಲಿ ಶುರುವಾದ ಅದನ್ನು 2001ರಲ್ಲಿ ಮುಚ್ಚಲಾಯಿತು. ಅಲ್ಲಿಂದೀಚೆಗೆ ನಗರದ ಕಸದ ದೊಡ್ಡ ಪಾಲು ದುಡ್ಡು ತೆತ್ತು ಹೊರರಾಜ್ಯಗಳಿಗೆ ಹೋಗುತ್ತಿದೆ. ಒಂದು ಮೇಜು ಶಾಲೆ ಸೇರಿದರೆ ಶಾಲೆಗೆ ಮೇಜಿನ ಖರ್ಚು ಉಳಿಯಿತು, ನಗರಕ್ಕೆ ಅದನ್ನು ಸಾಗಿಸುವ ಖರ್ಚೂ ಉಳಿಯಿತು.

ಇಂಥ ಉಗ್ರಾಣ ಕಟ್ಟಲು ಜಾಗ, ಸಿಬ್ಬಂದಿ, ಸರ್ಕಾರದ ಬೆಂಬಲ ಎಲ್ಲವೂ ಬೇಕು. ಅವು ಇಲ್ಲದ ಕಡೆ ಏನು ಮಾಡಬಹುದು? ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಪಟ್ಟಣದಲ್ಲಿ 2003ರ ಮೇ 1ರಂದು ಅದಕ್ಕೊಂದು ಉತ್ತರ ಸಿಕ್ಕಿತು. ಡೆರನ್ ಬೀಲ್ ಎಂಬುವರು ಅಲ್ಲಿ ಮರುಬಳಕೆಗೆ ಸಂಬಂಧಿಸಿದ ಒಂದು ಸಣ್ಣ ಸೇವಾಸಂಸ್ಥೆಯಲ್ಲಿದ್ದರು. ಅಂಗಡಿ, ಕಚೇರಿಗಳಿಂದ ಇನ್ನೂ ಗಟ್ಟಿಯಾಗಿದ್ದ ಸಾಮಾನು ಅವರ ಕೈಸೇರುತ್ತಿತ್ತು. ಅದನ್ನು ವ್ಯಾನಿಗೆ ಹೇರಿಕೊಂಡು ಯಾವ ಸಂಸ್ಥೆಗೆ ಬೇಕು, ಯಾವುದಕ್ಕೆ ಬೇಡ ಎಂದು ಸುತ್ತುವುದೇ ದೊಡ್ಡ ಕೆಲಸವಾಯಿತು. ಕೊನೆಗೆ ಅವರು ಸ್ನೇಹಿತರಿಗೂ ಕೆಲವು ಸಂಸ್ಥೆಗಳಿಗೂ ಒಂದೇ ಇಮೇಲ್ ಕಳಿಸಿದರು. ಯಾರ ಬಳಿ ಏನಿದೆ, ಯಾರಿಗೆ ಏನು ಬೇಕು ಎಂದು ಎಲ್ಲರೂ ಎಲ್ಲರಿಗೂ ತಿಳಿಸಲಿ ಎಂಬುದು ಅದರ ತಿರುಳು.

‘ಫ್ರೀಸೈಕಲ್’ ಎಂಬ ಹೆಸರಿನ ಈ ಬಳಗ ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿದೆ, ಊರೂರಿಗೂ ಒಂದರಂತೆ ಸಾವಿರಾರು ಗುಂಪುಗಳಾಗಿ ಹರಡಿದೆ. ಮುಖ್ಯ ನಿಯಮ ಒಂದೇ: ಕೊಡುವುದು ಸಂಪೂರ್ಣ ಉಚಿತವಾಗಿರಬೇಕು. ಟೂಸಾನ್ ಸೊನೊರಾ ಮರುಭೂಮಿಯ ಊರು. ತಮ್ಮ ಸುತ್ತಲಿನ ಮರಳುಗಾಡು ಕಸದ ಗುಡ್ಡೆಗಳಿಗೆ ಬಲಿಯಾಗಬಾರದು ಎಂಬ ಕಾಳಜಿಯೇ ಈ ಕೆಲಸದ ಹಿಂದಿತ್ತು. ಇಲ್ಲಿ ಉಗ್ರಾಣ ಬೇಡ, ಏಕೆಂದರೆ ಸಾಮಾನು ಪಡೆಯುವವರು ಬರುವವರೆಗೂ ಕೊಡುವವರ ಮನೆಯಲ್ಲೇ ಇರುತ್ತದೆ. ಆದರೆ ಈ ಸುಲಭಕ್ಕೆ ತೆರಬೇಕಾದ ಬೆಲೆಯೂ ಇದೆ. ಬರುತ್ತೇನೆಂದವರು ಬಾರದೆ ಇರಬಹುದು. ಸಾಮಾನು ಹೇಳಿದಷ್ಟು ಚೆನ್ನಾಗಿ ಇಲ್ಲದಿರಬಹುದು. ಕೊಡುವವರೂ ಪಡೆಯುವವರೂ ಫೋನು, ಕಂಪ್ಯೂಟರ್ ಬಲ್ಲವರೇ ಆಗಿರಬೇಕು. ಹೆಚ್ಚು ಅಗತ್ಯವಿರುವ ಮನೆಗಳು ಇಂಥ ಬಳಗದಿಂದ ಹೊರಗೇ ಉಳಿಯುವ ಸಾಧ್ಯತೆ ಇದೆ.

ಮನೆ ಕಟ್ಟುವ ಸಾಮಗ್ರಿಗೆ ಇನ್ನೊಂದು ದಾರಿ ಬೇಕಾಯಿತು. ಬಾಗಿಲು, ಕಿಟಕಿ, ಸಿಂಕು, ಉಳಿದ ಟೈಲ್ಸು ಇವನ್ನೆಲ್ಲ ಮನೆಯಲ್ಲೇ ಇಟ್ಟುಕೊಂಡು ಕಾಯಲಾಗುವುದಿಲ್ಲ. 1991ರಲ್ಲಿ ಕೆನಡಾದ ವಿನಿಪೆಗ್ ನಗರದಲ್ಲಿ ‘ಹ್ಯಾಬಿಟ್ಯಾಟ್ ಫಾರ್ ಹ್ಯುಮಾನಿಟಿ’ ಸಂಸ್ಥೆ ‘ರೀಸ್ಟೋರ್’ ಎಂಬ ಮೊದಲ ಅಂಗಡಿ ತೆರೆಯಿತು. ಗುತ್ತಿಗೆದಾರರು, ಮನೆ ನವೀಕರಿಸಿದವರು ಕೊಟ್ಟದ್ದನ್ನು ಅಲ್ಲಿ ಕಡಿಮೆ ಬೆಲೆಗೆ ಮಾರುತ್ತಾರೆ. ಬಂದ ಹಣ ಬಡವರಿಗೆ ಮನೆ ಕಟ್ಟುವ ಕೆಲಸಕ್ಕೆ ಹೋಗುತ್ತದೆ.

ಕಸವನ್ನು ಕೊಂಡೊಯ್ಯಲು ಲಾರಿಯೇ ಬಾರದ ಊರೊಂದನ್ನು ಈಗ ನೋಡಬಹುದು. ಜಪಾನಿನ ಶಿಕೋಕು ದ್ವೀಪದ ತೊಕುಶಿಮಾ ಪ್ರಾಂತ್ಯದಲ್ಲಿ ಗುಡ್ಡಗಳ ನಡುವೆ ಕಮಿಕತ್ಸು ಎಂಬ ಊರಿದೆ. ಜನಸಂಖ್ಯೆ ಒಂದೂವರೆ ಸಾವಿರಕ್ಕಿಂತ ಕಡಿಮೆ, ಅದರಲ್ಲೂ ವಯಸ್ಸಾದವರೇ ಹೆಚ್ಚು. ಒಂದು ಕಾಲದಲ್ಲಿ ಅಲ್ಲಿ ಕಸವನ್ನು ಬಯಲಲ್ಲೇ ಸುಡುತ್ತಿದ್ದರು. ಆಮೇಲೆ ಸುಡಲು ಸಣ್ಣ ಯಂತ್ರಗಳು ಬಂದವು. ಹೊಗೆಯಲ್ಲಿನ ವಿಷದ ಬಗ್ಗೆ ಕಾನೂನು ಬಿಗಿಯಾದಾಗ ಅವನ್ನೂ ಮುಚ್ಚಬೇಕಾಯಿತು. ಹೊಸ ಯಂತ್ರ ಕೊಳ್ಳಲು ಊರಿನ ಬೊಕ್ಕಸದಲ್ಲಿ ಹಣವಿರಲಿಲ್ಲ. 2003ರಲ್ಲಿ ಕಮಿಕತ್ಸು ‘ಶೂನ್ಯ ಕಸ’ದ ಸಂಕಲ್ಪ ತೊಟ್ಟಿತು. ಜಪಾನಿನಲ್ಲಿ ಹಾಗೆ ಘೋಷಿಸಿಕೊಂಡ ಮೊದಲ ಊರು ಅದು.

ಅಲ್ಲಿನವರು ತಮ್ಮ ಕಸವನ್ನು ತಾವೇ ಹೊತ್ತು ತಂದು ನಲವತ್ತಕ್ಕೂ ಹೆಚ್ಚು ಬಗೆಯಾಗಿ ಬೇರ್ಪಡಿಸುತ್ತಾರೆ. ಬಾಟಲಿ ಬೇರೆ, ಅದರ ಮುಚ್ಚಳ ಬೇರೆ. ಊರಿನ ತ್ಯಾಜ್ಯದಲ್ಲಿ ಸುಮಾರು ಶೇ 80ರಷ್ಟು ಮರುಬಳಕೆಗೆ ಹೋಗುತ್ತದೆ, ಇಡೀ ಜಪಾನಿನ ಸರಾಸರಿ ಶೇ 20ರ ಆಸುಪಾಸಿನಲ್ಲಿದೆ. ಬೇರ್ಪಡಿಸುವ ಜಾಗಕ್ಕೆ ಅಂಟಿಕೊಂಡೇ ‘ಕುರುಕುರು’ ಎಂಬ ಅಂಗಡಿ ಇದೆ. ಊರಿನವರು ತಮಗೆ ಬೇಡವಾದ ಪಾತ್ರೆ, ಬಟ್ಟೆ, ಪುಸ್ತಕ, ಆಟಿಕೆಗಳನ್ನು ಅಲ್ಲಿಡುತ್ತಾರೆ. ಬೇಕಾದವರು, ಹೊರಗಿನಿಂದ ಬಂದವರು ಕೂಡ, ಉಚಿತವಾಗಿ ಒಯ್ಯಬಹುದು. ಒಯ್ಯುವ ಮುನ್ನ ತೂಕ ಮಾಡಿ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು. ಎಷ್ಟು ಕಿಲೋ ಸಾಮಾನು ಬೆಂಕಿಯಿಂದ ಪಾರಾಯಿತು ಎಂಬುದು ಹೀಗೆ ಊರಿಗೆಲ್ಲ ತಿಳಿಯುತ್ತದೆ. ಊರಿನಲ್ಲೇ ಹಳೆಯ ಕಿಮೊನೊ ಬಟ್ಟೆಯಿಂದ ಚೀಲ, ಗೊಂಬೆ ಹೊಲಿಯುವ ಹಿರಿಯ ಹೆಂಗಸರಿಗೂ ಕೆಲಸ ಸಿಕ್ಕಿದೆ. 2020ರಲ್ಲಿ ತೆರೆದ ಹೊಸ ಕೇಂದ್ರದ ಗೋಡೆಗಳಿಗೆ ಊರಿನ ಮನೆಗಳಿಂದಲೇ ಬಂದ ಸುಮಾರು 700 ಹಳೆಯ ಕಿಟಕಿಗಳನ್ನು ಕೂಡಿಸಿ ಜೋಡಿಸಿದ್ದಾರೆ.

ಕೊಡುವ ಮನಸ್ಸು ಒಂದಿದ್ದರೆ ಎಲ್ಲವೂ ಸರಿಹೋಗುತ್ತದೆ ಎಂದು ಇದನ್ನೆಲ್ಲ ಕೇಳಿದವರಿಗೆ ಅನ್ನಿಸೀತು. ಹಾಗಾಗುವುದಿಲ್ಲ ಎಂಬುದನ್ನು 2004ರ ಡಿಸೆಂಬರಿನ ಸುನಾಮಿ ಕಣ್ಣಿಗೆ ಕಟ್ಟುವಂತೆ ತೋರಿಸಿತು. ತಮಿಳುನಾಡಿನ ಕರಾವಳಿಗೆ ದೇಶದ ಮೂಲೆಮೂಲೆಯಿಂದ ಹಳೆಯ ಬಟ್ಟೆಯ ಮೂಟೆಗಳು ಬಂದವು. ಕಳಿಸಿದವರ ಕರುಣೆಯಲ್ಲಿ ಕೊರತೆ ಇರಲಿಲ್ಲ. ಆದರೆ ಅಲ್ಲಿನ ಬಿಸಿಲಿಗೆ, ಅಲ್ಲಿನ ಉಡುಗೆಗೆ ಹೊಂದದ ಬಟ್ಟೆಗಳು, ಹರಿದವು, ಕೊಳೆಯಾದವು ರಸ್ತೆಬದಿಯಲ್ಲಿ ರಾಶಿ ಬಿದ್ದವು. ಮನೆಮಾರು ಕಳೆದುಕೊಂಡ ಮೀನುಗಾರ ಕುಟುಂಬಗಳ ಮುಂದೆ ಪರರ ಚಿಂದಿಯ ಗುಡ್ಡೆ ಬೆಳೆಯಿತು. ಸಂಕಟದಲ್ಲಿರುವವರು ಏನು ಕೊಟ್ಟರೂ ತೆಗೆದುಕೊಳ್ಳುತ್ತಾರೆ ಎಂಬ ಎಣಿಕೆ ತಪ್ಪು, ಅವರಿಗೂ ಆಯ್ಕೆಯಿದೆ, ಮಾನವಿದೆ.

ಆ ರಾಶಿಗಳಿಗೆ ಕೈಹಾಕಿದ ಸಂಸ್ಥೆ ದೆಹಲಿಯ ಗೂಂಜ್. ಅಂಶು ಗುಪ್ತ ಅದನ್ನು 1999ರಲ್ಲಿ ಆರಂಭಿಸಿದ್ದು ತಮ್ಮ ಮನೆಯಲ್ಲೇ ಸಿಕ್ಕಿದ 67 ಬಟ್ಟೆಗಳಿಂದ. ಅದಕ್ಕೂ ಹಿಂದೆ, ಪತ್ರಿಕೋದ್ಯಮದ ದಿನಗಳಲ್ಲಿ, ವಾರಸುದಾರರಿಲ್ಲದ ಹೆಣಗಳನ್ನು ಸಾಗಿಸುವ ಒಬ್ಬ ಬಂಡಿಯವನನ್ನು ಅವರು ಹಳೆ ದೆಹಲಿಯಲ್ಲಿ ಕಂಡಿದ್ದರು. ಚಳಿಗಾಲ ಬಂತೆಂದರೆ ಆತನ ಕೆಲಸ ಹೆಚ್ಚುತ್ತಿತ್ತು. ಚಳಿ ಒಂದೇ ಯಾರನ್ನೂ ಕೊಲ್ಲುವುದಿಲ್ಲ, ಹೊದೆಯಲು ಇಲ್ಲದಿರುವುದು ಕೊಲ್ಲುತ್ತದೆ ಎಂಬುದು ಗುಪ್ತ ಅವರಿಗೆ ಅಲ್ಲಿ ಮನದಟ್ಟಾಯಿತು. ಊಟ, ಸೂರಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಬಟ್ಟೆಯ ಕೊರತೆ ಯಾವ ಯೋಜನೆಯ ಪಟ್ಟಿಯಲ್ಲೂ ಇಲ್ಲ ಎಂದು ಅವರು ಹೇಳುತ್ತ ಬಂದರು.

ಗೂಂಜ್ ಉಳಿದವರಿಗಿಂತ ಬೇರೆಯಾಗಿ ಮಾಡಿದ್ದು ಎರಡು ಕೆಲಸ. ಮೊದಲನೆಯದು ವಿಂಗಡಣೆ. ನಗರದಿಂದ ಬಂದ ಪ್ರತಿ ಬಟ್ಟೆಯನ್ನೂ ಬಿಚ್ಚಿ ನೋಡಿ, ಅಳತೆ, ಋತು, ಪ್ರದೇಶ ಗಮನಿಸಿ ಕುಟುಂಬಕ್ಕೊಂದರಂತೆ ಗಂಟು ಕಟ್ಟುತ್ತಾರೆ. ಉಡಲು ಬಾರದ ಹತ್ತಿಬಟ್ಟೆಯನ್ನು ತೊಳೆದು, ಒಣಗಿಸಿ, ಗುಂಡಿ ಕೊಕ್ಕೆ ತೆಗೆದು ಕತ್ತರಿಸಿ ಮುಟ್ಟಿನ ಬಟ್ಟೆಯ ಪ್ಯಾಡ್ ಮಾಡುತ್ತಾರೆ. ಸುನಾಮಿಯ ರಾಶಿಯಲ್ಲಿ ಉಳಿದದ್ದಕ್ಕೂ ಇದೇ ದಾರಿಯಾಯಿತು. ಅದಕ್ಕೂ ಆಗದ ಚೂರುಗಳು ಸುಜನಿ ಎಂಬ ಹಾಸಿಗೆಯೊಳಗೆ ಸೇರುತ್ತವೆ.

ಎರಡನೆಯದು ಕೊಡುವ ರೀತಿ. ಹಳ್ಳಿಯವರು ತಮ್ಮೂರಿಗೆ ಏನು ಬೇಕೆಂದು ತಾವೇ ತೀರ್ಮಾನಿಸಿ ಬಾವಿ ತೋಡುತ್ತಾರೆ, ಕೆರೆಯ ಹೂಳು ಎತ್ತುತ್ತಾರೆ, ಬಿದಿರಿನ ಸೇತುವೆ ಕಟ್ಟುತ್ತಾರೆ. ಆ ದುಡಿಮೆಯ ಗೌರವವಾಗಿ ಬಟ್ಟೆಯ ಗಂಟು ಬರುತ್ತದೆ. ಪಡೆದವರು ಯಾರ ಮುಂದೆಯೂ ಕೈಚಾಚಿದಂತೆ ಆಗುವುದಿಲ್ಲ. ಮಕ್ಕಳಿಗೂ ಹಾಗೆಯೇ: ನಗರದ ಶಾಲೆಗಳಲ್ಲಿ ಉಳಿದ ಚೀಲ, ಪುಸ್ತಕ, ಶೂಗಳು ಹಳ್ಳಿಯ ಮಕ್ಕಳು ಮಾಡಿದ ಯಾವುದೋ ಒಳ್ಳೆಯ ಕೆಲಸಕ್ಕೆ ಬಹುಮಾನವಾಗುತ್ತವೆ. 2015ರಲ್ಲಿ ಅಂಶು ಗುಪ್ತ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಕನ್ನಡನಾಡಿಗೆ ಇದೇನೂ ಹೊರಗಿನ ಪಾಠವಲ್ಲ. ಧಾರವಾಡ, ಬೆಳಗಾವಿ ಕಡೆಯ ಮನೆಗಳಲ್ಲಿ ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳು ಕೌದಿಯಾಗುತ್ತವೆ. ಕೌದಿ ಹೊಲಿದುಕೊಡುವ ಹೆಂಗಸರು ಮನೆಮನೆಗೆ ಬರುವ ರೂಢಿಯೂ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರು ಹೊಲಿಯುವ ಕೌದಿ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ಮೂಲೆಗಳಿಗೆ ಮಡಿಚಿದ ಬಟ್ಟೆಯ ಹೂವು ಇಡದೆ ಆ ಹೊದಿಕೆ ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ. ಇಂದು ಆ ಕೌದಿಗಳು ಕಲಾಪ್ರದರ್ಶನಗಳವರೆಗೆ ಹೋಗಿವೆ.

ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು, ಹಳೆಯ ರೇಷ್ಮೆ ಸೀರೆಯ ಜರಿ ಕೊಳ್ಳುವವರು, ಖಾಲಿ ಸೀಸ ಪೇಪರ್ ಎಂದು ಕೂಗುತ್ತ ಸೈಕಲ್ ತಳ್ಳುವವರು, ಬೀದಿಯ ಕೊನೆಯ ಗುಜರಿ ಅಂಗಡಿಯವರು, ಇವರೆಲ್ಲ ತಲೆಮಾರುಗಳಿಂದ ಇದೇ ಕೆಲಸ ಮಾಡುತ್ತ ಬಂದಿದ್ದಾರೆ. ತಕ್ಕಡಿಗೆ ಹಾಕಿದರೆ ನಾಲ್ಕು ಕಾಸು ಹುಟ್ಟುವ ಕಾಗದ, ಕಬ್ಬಿಣ, ತಾಮ್ರಕ್ಕೆ ಅವರಲ್ಲಿ ಜಾಗವಿದೆ. ಆದರೆ ಅರ್ಧ ಬಳಸಿದ ನೋಟ್‌ಬುಕ್, ಮಗು ಬೆಳೆದು ಚಿಕ್ಕದಾದ ಶೂ, ಒಂದು ಸ್ಕ್ರೂ ಕಳಚಿದ ಮಿಕ್ಸಿ, ಮದುವೆ ಮುಗಿದ ಮೇಲೆ ಉಳಿದ ಅಲಂಕಾರದ ಬಟ್ಟೆ ಇವುಗಳ ಬೆಲೆ ತೂಕದಲ್ಲಿಲ್ಲ, ಬಳಕೆಯಲ್ಲಿದೆ. ಗುಜರಿಗೆ ಹಾಕಿದರೆ ಮಿಕ್ಸಿಯೂ ಬರೀ ತಾಮ್ರ, ಪ್ಲಾಸ್ಟಿಕ್ ಆಗಿಬಿಡುತ್ತದೆ. ಈ ಜಾಗವನ್ನು ತುಂಬಬೇಕಾದದ್ದು ಸಮುದಾಯದ ವಿನಿಮಯ.

ಅದು ತುಂಬದಿದ್ದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ನೋಡಿದೆ. ನಗರದ ಕಸ ಸುರಿದ ಹೊರವಲಯದ ಹಳ್ಳಿಗಳಾದ ಮಾವಳ್ಳಿಪುರ, ಮಂಡೂರಿನ ಜನ ವರ್ಷಗಟ್ಟಲೆ ಅದರ ದುರ್ನಾತ ಉಂಡರು, ನೊಣ ಹೊಡೆದರು, ಕೆಟ್ಟ ನೀರು ಕುಡಿದರು. ಕೊನೆಗೆ ಬೀದಿಗಿಳಿದರು. ಮಂಡೂರಿಗೆ ಕಸದ ಲಾರಿ ಹೋಗುವುದು ನಿಂತದ್ದು 2014ರ ಕೊನೆಗೆ. ಹಸಿ ಕಸ, ಒಣ ಕಸ ಬೇರೆ ಮಾಡಬೇಕೆಂಬ ನಿಯಮ ಬೆಂಗಳೂರಿನ ಮನೆಗಳಿಗೆ ಬಂದದ್ದೂ ಆ ಹೋರಾಟದ ವರ್ಷಗಳಲ್ಲೇ. ಬೇರ್ಪಡಿಸುವುದು ಮುಖ್ಯ, ಆದರೆ ಗಟ್ಟಿಯಾಗಿರುವ ಕುರ್ಚಿಯೊಂದು ಒಣ ಕಸದ ಡಬ್ಬಿಯವರೆಗೆ ಬರಬಾರದು.

ಆ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳನ್ನು ಈ ನಾಡು ಇಟ್ಟಿದೆ. 2009ರಲ್ಲಿ ಪತ್ರಕರ್ತೆ ಮಾರ್ಟಿನ್ ಪೋಸ್ತ್ಮಾ ಆಮ್‌ಸ್ಟರ್‌ಡಾಮಿನಲ್ಲಿ ‘ರಿಪೇರಿ ಕೆಫೆ’ ಎಂಬ ಕೂಟ ಆರಂಭಿಸಿದ್ದರು. ಕೆಟ್ಟ ಸಾಮಾನು ಹಿಡಿದು ಬಂದವರು ರಿಪೇರಿ ಬಲ್ಲ ಸ್ವಯಂಸೇವಕರ ಪಕ್ಕದಲ್ಲಿ ಕೂತು ತಾವೂ ಕಲಿಯುವ ಕೂಟ ಅದು. 2015ರಲ್ಲಿ ಅಂತರಾ ಮುಖರ್ಜಿ ಮತ್ತು ಪೂರ್ಣಾ ಸರ್ಕಾರ್ ಅದನ್ನು ಬೆಂಗಳೂರಿಗೆ ತಂದರು. ಬಡಾವಣೆಯಿಂದ ಬಡಾವಣೆಗೆ ನಡೆದ ಆ ಕೂಟಗಳಲ್ಲಿ ಫ್ಯಾನು, ಇಸ್ತ್ರಿಪೆಟ್ಟಿಗೆ, ಛತ್ರಿ, ಕುರ್ಚಿಗಳಿಗೆ ಮತ್ತೆ ಜೀವ ಬಂತು. ಅದಮ್ಯ ಚೇತನ ಸಂಸ್ಥೆಯ ‘ಪ್ಲೇಟ್ ಬ್ಯಾಂಕ್’ ಸಮಾರಂಭಗಳಿಗೆ ಸ್ಟೀಲಿನ ತಟ್ಟೆ, ಲೋಟಗಳನ್ನು ಎರವಲು ಕೊಡುತ್ತದೆ. ಊಟ ಮುಗಿದ ಮೇಲೆ ತೊಳೆದು ಹಿಂತಿರುಗಿಸಿದರಾಯಿತು, ಪ್ಲಾಸ್ಟಿಕ್ ಲೇಪದ ಕಾಗದದ ತಟ್ಟೆಗಳ ರಾಶಿ ಅಲ್ಲಿ ಹುಟ್ಟುವುದೇ ಇಲ್ಲ.

2023ರ ಮೇ ತಿಂಗಳಲ್ಲಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ದೇಶದ ನಗರಗಳಲ್ಲೆಲ್ಲ ‘ಆರ್‌ಆರ್‌ಆರ್ ಕೇಂದ್ರ’ ತೆರೆಯಲು ಕರೆ ಕೊಟ್ಟಿತು. ಕಡಿಮೆ ಬಳಸಿ, ಮತ್ತೆ ಬಳಸಿ, ಮರುರೂಪ ಕೊಡಿ ಎಂಬುದು ಆ ಮೂರು ಅಕ್ಷರಗಳ ಆಶಯ. ಜೂನ್ 5ರ ಪರಿಸರ ದಿನದವರೆಗೆ ನಡೆದ ಆ ಅಭಿಯಾನದಲ್ಲಿ ಮೈಸೂರು, ಬೆಂಗಳೂರು ಸೇರಿದಂತೆ ಕರ್ನಾಟಕದ ನಗರಗಳಲ್ಲೂ ಬಟ್ಟೆ, ಚಪ್ಪಲಿ, ಪುಸ್ತಕ, ಆಟಿಕೆ ಸಂಗ್ರಹಿಸುವ ಕೇಂದ್ರಗಳು ಬಂದವು. ಒಂದು ನಗರಸಭೆ ತನ್ನ ಜನರಿಗೆ ‘ಎಸೆಯುವ ಮೊದಲು ಇಲ್ಲಿಗೆ ತನ್ನಿ’ ಎಂದು ಕರೆಯುವುದು ಸಣ್ಣ ವಿಷಯವಲ್ಲ. ಆದರೆ ಇಂಥ ಕೇಂದ್ರ ಅಭಿಯಾನದ ದಿನಗಳಿಗಷ್ಟೇ ಸೀಮಿತವಾದರೆ, ಅಥವಾ ಬೀಗ ಹಾಕಿದ ಕೋಣೆಯ ಹೊರಗೆ ಮೂಟೆ ಬಿಸಾಡಿ ಹೋಗುವ ಜಾಗವಾದರೆ, ಸುನಾಮಿಯ ರಸ್ತೆಬದಿಯೇ ನಮ್ಮ ವಾರ್ಡಿಗೂ ಬಂದಂತೆ.

ಚೆನ್ನಾಗಿ ನಡೆಯುವ ಕೇಂದ್ರಗಳಲ್ಲಿ ಕೆಲವು ವಿಷಯಗಳು ಸಮಾನವಾಗಿವೆ. ಕೇಂದ್ರ ತೆರೆದಿರುವ ವೇಳೆ ಊರಿಗೆ ಗೊತ್ತಿದೆ. ತೆಗೆದುಕೊಳ್ಳುವ ಸಾಮಾನು ಯಾವುದು, ಬೇಡದ್ದು ಯಾವುದು ಎಂದು ಬಾಗಿಲಲ್ಲೇ ಬರೆದಿದೆ. ಬಂದದ್ದಕ್ಕೂ ಹೋದದ್ದಕ್ಕೂ ಲೆಕ್ಕವಿದೆ. ಪಡೆಯುವವರು ಕಪಾಟಿನ ಮುಂದೆ ನಿಂತು ಆರಿಸಿಕೊಳ್ಳುತ್ತಾರೆ, ಯಾರೂ ಅವರ ಬಡತನದ ದಾಖಲೆ ಕೇಳುವುದಿಲ್ಲ. ಕೊಡುವವರಿಗೂ ಒಂದು ಕರ್ತವ್ಯವಿದೆ: ಬಟ್ಟೆ ಒಗೆದು, ಜೊತೆ ಶೂಗಳನ್ನು ಲೇಸಿನಿಂದ ಕಟ್ಟಿ, ಮಿಕ್ಸಿಗೆ ಏನು ತೊಂದರೆಯೆಂದು ಒಂದು ಚೀಟಿ ಅಂಟಿಸಿ ತರುವುದು. ಶಾಲೆಗಳು ಶುರುವಾಗುವ ಜೂನ್ ತಿಂಗಳಿಗೆ ಮುಂಚೆ ಪಠ್ಯಪುಸ್ತಕ, ಸಮವಸ್ತ್ರಗಳು ಕಪಾಟಿಗೆ ಬಂದರೆ ಅವು ಎರಡು ದಿನವೂ ಅಲ್ಲಿ ಉಳಿಯಲಾರವು. ಅವೇ ಸಮವಸ್ತ್ರಗಳು ಆಗಸ್ಟಿನಲ್ಲಿ ಬಂದರೆ ಇಡೀ ವರ್ಷ ಧೂಳು ತಿನ್ನುತ್ತವೆ.

ಕೊನೆಗೆ ಉಳಿಯುವ ಪ್ರಶ್ನೆ, ಈ ಕೇಂದ್ರಗಳ ಒಳಗೆ ಕೂರುವವರು ಯಾರು ಎಂಬುದು. ಸ್ವಯಂಸೇವಕರ ಉತ್ಸಾಹ ದೊಡ್ಡದು, ಆದರೆ ದಿನವೂ ಬೆಳಗ್ಗೆ ಬಾಗಿಲು ತೆರೆಯಲು ಸಂಬಳ ಪಡೆಯುವ ಕೈ ಬೇಕು. ಬೆಂಗಳೂರಿನಲ್ಲಿ ಆ ಕೈಗಳು ಈಗಾಗಲೇ ಇವೆ. ಚಿಂದಿ ಆಯುವವರ ಹಕ್ಕಿಗಾಗಿ ಹಸಿರು ದಳ ಸಂಸ್ಥೆ ಮತ್ತು ಜೊತೆಯವರು ನಡೆಸಿದ ಹೋರಾಟದಿಂದ, 2011ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಅವರಿಗೆ ವೃತ್ತಿಯ ಗುರುತಿನ ಚೀಟಿ ಕೊಡಲು ಆರಂಭಿಸಿತು. ಮುಂದೆ ಅವರಲ್ಲಿ ಅನೇಕರು ವಾರ್ಡುಗಳ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳನ್ನು ತಾವೇ ನಡೆಸುವವರಾದರು. ಯಾವ ಪ್ಲಾಸ್ಟಿಕ್ ಯಾವುದಕ್ಕೆ ಬರುತ್ತದೆ, ಯಾವ ಕುರ್ಚಿಯ ಕಾಲು ಇನ್ನೂ ಐದು ವರ್ಷ ಬಾಳುತ್ತದೆ ಎಂಬುದು ಮುಟ್ಟಿ ನೋಡಿದರೆ ಅವರಿಗೆ ತಿಳಿಯುತ್ತದೆ. ಅದೇ ಕೇಂದ್ರಗಳ ಪಕ್ಕದಲ್ಲಿ ಕಮಿಕತ್ಸುವಿನಂಥ ಒಂದು ಅಂಗಡಿ, ಒಂದು ತಕ್ಕಡಿ, ಒಂದು ರಿಪೇರಿ ಮೇಜು ಇಟ್ಟು, ನಡೆಸುವವರಿಗೆ ತಿಂಗಳ ಸಂಬಳ ನಿಗದಿ ಮಾಡುವುದು ಯಾವ ನಗರಸಭೆಗೂ ಕೈಗೆಟುಕದ ಖರ್ಚಲ್ಲ. ಕಸ ಸಾಗಿಸಲು ತೆರುವ ಹಣದಲ್ಲೇ ಅದಕ್ಕೊಂದು ಪಾಲು ತೆಗೆದಿಡಬಹುದು, ಮುಂದಿನ ವಾರ್ಡ್ ಸಭೆಯಲ್ಲೇ ಅದನ್ನು ಕೇಳಬಹುದು.